ನಳಿಕೆಯ ಮೇಲಿನ ಹೆಸರು ಯಾರದು?

18ನೇ ಶತಮಾನದ ಪೆನ್ಸಿಲ್ವೇನಿಯಾದ ಉದ್ದನೆಯ ರೈಫಲ್ ಕೈಗೆ ಬಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಎಂಟು ಮುಖದ ನಳಿಕೆಯ ಮೇಲ್ಭಾಗಕ್ಕೆ. ಮಾಡಿದವನು ಹೆಸರು ಕೊರೆದಿದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅನೇಕ ರೈಫಲ್‌ಗಳಲ್ಲಿ ಹೆಸರೇ ಇಲ್ಲ, ಕೆಲವದರಲ್ಲಿ ಬರೀ ಎರಡಕ್ಷರ. ಪಕ್ಕದ ಲಾಕ್ (ಮದ್ದಿಗೆ ಕಿಡಿ ತಾಗಿಸುವ ಯಂತ್ರ) ತಟ್ಟೆಯ ಮೇಲೆ ‘ಕೆಟ್‌ಲ್ಯಾಂಡ್’ ಎಂದು ಕಂಡರೆ ಮೋಸಹೋಗಬೇಡಿ. ಅದು ಇಂಗ್ಲೆಂಡಿನಿಂದ ತರಿಸಿದ ಲಾಕಿನ ಗುರುತು, ಕೋವಿ ಮಾಡಿದವನ ಹೆಸರಲ್ಲ. ನಳಿಕೆಯ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಹಳೆಯ ನಳಿಕೆಗೆ ಬೇರೊಬ್ಬ ಹೊಸ ಮರ ಕೂರಿಸಿರಬಹುದು, ಒಳ್ಳೆಯ ಬೆಲೆ ಬರಲೆಂದು ಹೆಸರನ್ನು ಆಮೇಲೆ ಕೊರೆದಿರಲೂಬಹುದು. ಹಾಗಾಗಿ ಕೋವಿಯಿಂದ ಸುಳಿವು ಮಾತ್ರ ತೆಗೆದುಕೊಂಡು, ಮನುಷ್ಯನನ್ನು ಕಾಗದಪತ್ರಗಳಲ್ಲಿ ಹುಡುಕಬೇಕು.

ಅಲ್ಲಿ ಎದುರಾಗುವ ದೊಡ್ಡ ತೊಡಕು ಒಂದೇ ಹೆಸರಿನ ಇಬ್ಬರು. ಹೆಸರು ಹೊಂದಿತೆಂದು ದಾಖಲೆ ಅವನದಾಗಿಬಿಡುವುದಿಲ್ಲ. ಹೆಂಡತಿಯ ಹೆಸರು, ಜಮೀನು, ಚರ್ಚು, ನೆರೆಹೊರೆ, ಕಸುಬು, ಇವುಗಳಲ್ಲಿ ಎರಡಾದರೂ ಕೂಡಿಬರಬೇಕು. ‘ಜೂನಿಯರ್’, ‘ಸೀನಿಯರ್’ ಎಂದಿದ್ದರೆ ತಂದೆ-ಮಗನೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಹಿರಿಯ, ಕಿರಿಯ ಎಂದು ಗುರುತಿಸಲು ಹಾಗೆ ಬರೆಯುತ್ತಿದ್ದರು. ಅವರು ಚಿಕ್ಕಪ್ಪ-ಅಣ್ಣನ ಮಗ ಇರಬಹುದು, ನಂಟೇ ಇಲ್ಲದವರೂ ಇರಬಹುದು. ಹಿರಿಯನು ತೀರಿಕೊಂಡ ಮೇಲೆ ನಿನ್ನೆಯ ಜೂನಿಯರ್ ಇವತ್ತು ಸೀನಿಯರ್ ಆಗಿಬಿಡುತ್ತಾನೆ!

ಕಾಗುಣಿತದ ಗೋಜಲು ಬೇರೆ. ಜೇಕಬ್ ಡಿಕರ್ಟ್ 1740ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1748ರಲ್ಲಿ ಅಮೆರಿಕಕ್ಕೆ ಬಂದು, ಲ್ಯಾಂಕಾಸ್ಟರ್‌ನಲ್ಲಿ ಕೋವಿ ಮಾಡಿ ಹೆಸರಾಗಿ, 1822ರಲ್ಲಿ ತೀರಿಕೊಂಡವನು. ಅವನೇ ಡೆಕರ್ಟ್, ಡೆಚರ್ಟ್, ಡೆಕಾರ್ಡ್ ಎಂದೂ ಕಾಣಿಸಿಕೊಳ್ಳುತ್ತಾನೆ. ಹೇಳುವವನು ಜರ್ಮನ್, ಬರೆಯುವ ಗುಮಾಸ್ತ ಇಂಗ್ಲಿಷಿನವನು, ಕಿವಿಗೆ ಬಿದ್ದದ್ದೇ ಕಾಗದಕ್ಕೆ ಇಳಿಯಿತು. 1782ರಲ್ಲಿ ಡೆಲಾವೇರ್ ನದಿಯ ಕಾವಲಿಗೆ ಪೆನ್ಸಿಲ್ವೇನಿಯಾ ಹೊರಡಿಸಿದ ಯುದ್ಧನೌಕೆಗೆ ನಮ್ಮ ಹೈದರಾಲಿಯ ಹೆಸರಿಟ್ಟವರು ಅದನ್ನು ‘ಹೈಡರ್ ಆಲಿ’ ಎಂದು ತಮ್ಮ ಬಾಯಿಗೆ ಒಗ್ಗಿಸಿಕೊಂಡದ್ದೂ ಇದೇ ರೀತಿಯಲ್ಲಿ. ಹುಡುಕುವಾಗ ಬ ಇದ್ದಲ್ಲಿ ಪ, ಡ ಇದ್ದಲ್ಲಿ ಟ, ಗ ಇದ್ದಲ್ಲಿ ಕ ಹಾಕಿ ನೋಡಿ. ಅರ್ಥವನ್ನೇ ಅನುವಾದಿಸಿಕೊಂಡವರೂ ಉಂಟು: ಶ್ಮಿಟ್ ಸ್ಮಿತ್ ಆದ, ಝಿಮ್ಮರ್‌ಮನ್ ಕಾರ್ಪೆಂಟರ್ ಆದ.

ಯಾವ ಕಚೇರಿಯಲ್ಲಿ ಹುಡುಕಬೇಕು ಎಂಬುದು ಗಡಿಗಳ ಮೇಲೆ ನಿಂತಿದೆ. ಲ್ಯಾಂಕಾಸ್ಟರ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) 1729ರಲ್ಲಿ ಚೆಸ್ಟರ್‌ನಿಂದ ಬೇರೆಯಾಯಿತು. ಅದರಿಂದ 1749ರಲ್ಲಿ ಯಾರ್ಕ್, 1785ರಲ್ಲಿ ಡಾಫಿನ್ ಹುಟ್ಟಿದವು, ಲೆಬನಾನ್ ಕೌಂಟಿಯಾದದ್ದು 1813ರಲ್ಲಿ. ಲೆಬನಾನ್ ಪಟ್ಟಣದ ಕೋವಿ ಕಮ್ಮಾರನೊಬ್ಬ 1770ರಲ್ಲಿ ತೀರಿಕೊಂಡಿದ್ದರೆ ಅವನ ಕಡತ ಲ್ಯಾಂಕಾಸ್ಟರ್‌ನಲ್ಲಿ, ಅದೇ ಮನೆಯಲ್ಲಿ ಮಗ 1800ರಲ್ಲಿ ತೀರಿಕೊಂಡಿದ್ದರೆ ಡಾಫಿನ್ ಕೌಂಟಿಯ ಹ್ಯಾರಿಸ್‌ಬರ್ಗ್‌ನಲ್ಲಿ. ಮನೆ ಕದಲಲಿಲ್ಲ, ಗಡಿ ಕದಲಿತು. ಇದನ್ನರಿಯದೆ ‘ಕುಟುಂಬ ಊರು ಬಿಟ್ಟಿತು’ ಎಂದು ಬರೆದ ವಂಶಾವಳಿಗಳಿಗೆ ಲೆಕ್ಕವಿಲ್ಲ.

ಮೊದಲು ಬಿಚ್ಚಬೇಕಾದದ್ದು ತೆರಿಗೆ ಪಟ್ಟಿ. 1790ರಿಂದ 1840ರವರೆಗಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ, ಮನೆಮಂದಿಯ ಹೆಸರೆಲ್ಲ ಬರುವುದು 1850ರಿಂದ. ತೆರಿಗೆ ಪಟ್ಟಿಯಾದರೋ ವರ್ಷ ವರ್ಷದ್ದು. ಮದುವೆಯಾಗದ ವಯಸ್ಕ ಗಂಡಸರನ್ನು ಕೊನೆಯಲ್ಲಿ ಬೇರೆಯಾಗಿ ಬರೆಯುತ್ತಿದ್ದರು. ಹುಡುಗ ಆ ಸಾಲಿಗೆ ಮೊದಲು ಬಂದ ವರ್ಷ ಸುಮಾರು 21 ತುಂಬಿದ್ದಕ್ಕೆ, ಅಲ್ಲಿಂದ ಮುಖ್ಯ ಪಟ್ಟಿಗೆ ಜಾರಿದ ವರ್ಷ ಮದುವೆಗೆ ಸುಳಿವು. ಮುಂದೊಂದು ವರ್ಷ ಅವನ ಜಾಗದಲ್ಲಿ ‘ವಿಧವೆ’ ಎಂದು ಕಂಡರೆ ಸಾವಿನ ಕಾಲವೂ ಸಿಕ್ಕಿತು. ಒಂದೇ ವರ್ಷದ ಪಟ್ಟಿ ನೋಡಿ ಬಿಟ್ಟರೆ ಇದ್ಯಾವುದೂ ದಕ್ಕದು, ಸಾಲಾಗಿ ಹತ್ತಿಪ್ಪತ್ತು ವರ್ಷ ನೋಡಲೇಬೇಕು. ಇದರ ಜೊತೆಗೆ 1798ರ ಫೆಡರಲ್ ನೇರ ತೆರಿಗೆಯ ಪಟ್ಟಿಗಳನ್ನೂ ತೆಗೆಸಿ. ಮನೆ ಕಲ್ಲಿನದೋ ಮರದ ದಿಮ್ಮಿಯದೋ, ಕಿಟಕಿ ಎಷ್ಟು, ಹಿತ್ತಲ ಕುಲುಮೆ ಎಷ್ಟು ಅಡಿಗೆ ಎಷ್ಟು ಅಡಿ ಎಂಬುದೂ ಅದರಲ್ಲಿ ಸಿಗಬಹುದು.

ಆದರೆ ಒಬ್ಬ ಕಸುಬುದಾರನ ಬದುಕು ನಿಚ್ಚಳವಾಗಿ ಕಾಣುವುದು ಅವನು ಸತ್ತ ಮೇಲೆ ನೆರೆಯವರು ಬಂದು ಬರೆದ ಸೊತ್ತಿನ ಪಟ್ಟಿಯಲ್ಲಿ. ಅದನ್ನು ಕುಲುಮೆಯೊಳಗೆ ನಡೆದಾಡಿದ ಹಾಗೆ ಓದಬೇಕು. ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ ಇದ್ದರೆ ಅವನು ಕಮ್ಮಾರ, ಅಷ್ಟೇ. ಒಂದೆರಡು ಕೋವಿ ಇದ್ದರೂ ಏನೂ ಸಾಬೀತಾಗದು, ರೈತರ ಮನೆಗಳಲ್ಲೂ ಇರುತ್ತಿದ್ದವು. ನಳಿಕೆ ಕೊರೆಯುವ ಸಾಧನ, ಒಳಗೆ ಸುರುಳಿ ಗೀರು ಎಳೆಯುವ ಮಣೆ, ಸ್ಕ್ರೂ ಹಲ್ಲು ತೆಗೆಯುವ ತಟ್ಟೆ, ಹಿತ್ತಾಳೆ ಕರಗಿಸುವ ಮೂಸೆ, ಡಜನ್‌ಗಟ್ಟಲೆ ಅರ, ಹಳೆಯ ಲಾಕುಗಳು, ಅರೆಬರೆ ಕೆತ್ತಿದ ಮೇಪಲ್ ಮರದ ಹಿಡಿಗಳು ಸಾಲಾಗಿ ಬಂದರೆ ಅದು ಕೋವಿ ಮಾಡುವ ಮನೆ. ಆಮೇಲೆ ಹರಾಜಿನ ಪಟ್ಟಿ ನೋಡಿ. ಸುರುಳಿ ಗೀರಿನ ಮಣೆಯನ್ನು ಕೊಂಡವನು ಮಗನೋ, ಅಳಿಯನೋ, ಹಳೆಯ ಶಿಷ್ಯನೋ, ಕಸುಬು ಮುಂದುವರಿಸಿದವನು ಬಹುಪಾಲು ಅವನೇ. ಸಲಕರಣೆಗಳೇ ಇಲ್ಲದಿದ್ದರೆ ಗಾಬರಿ ಬೇಡ. ವಯಸ್ಸಾದ ತಂದೆ ಕುಲುಮೆಯನ್ನು ಬದುಕಿದ್ದಾಗಲೇ ಮಗನಿಗೆ ಬಿಟ್ಟಿರಬಹುದು, ಅದರ ಜಾಡು ಹಿಂದಿನ ತೆರಿಗೆ ಪಟ್ಟಿಯಲ್ಲಿ ಸಿಗುತ್ತದೆ.

ಉಯಿಲು ಬರೆಯದೆ ಸತ್ತಿದ್ದರೆ ಸಂಶೋಧಕನಿಗೆ ಅದು ವರವೇ ಸರಿ. ಆಗ ಅನಾಥರ ನ್ಯಾಯಾಲಯದ ಪುಸ್ತಕಗಳಲ್ಲಿ ಮಕ್ಕಳ ಹೆಸರು ಸಾಲಾಗಿ ಬರುತ್ತದೆ. ತಾಯಿ ಬದುಕಿದ್ದರೂ ತಂದೆ ಇಲ್ಲದ ಮಗು ಅಲ್ಲಿ ಅನಾಥನೇ. 14 ತುಂಬಿದವರು ಪೋಷಕನನ್ನು ತಾವೇ ಆರಿಸಿಕೊಳ್ಳಬಹುದಿತ್ತು, ಚಿಕ್ಕವರಿಗೆ ನ್ಯಾಯಾಲಯವೇ ನೇಮಿಸುತ್ತಿತ್ತು. ಆ ಒಂದು ಸಾಲಿನಿಂದ ವಯಸ್ಸಿನ ಅಂದಾಜು ಸಿಕ್ಕಿಬಿಡುತ್ತದೆ. ಪೆನ್ಸಿಲ್ವೇನಿಯಾದಲ್ಲಿ 1794ರವರೆಗೆ ಇಂಥ ಆಸ್ತಿಯಲ್ಲಿ ಹಿರಿಮಗನಿಗೆ ಎರಡು ಪಾಲು. ಏಳು ಮಕ್ಕಳಿದ್ದು ಆಸ್ತಿ ಎಂಟು ಭಾಗವಾಗಿದ್ದರೆ, ಎರಡು ಪಡೆದವನೇ ಹಿರಿಮಗ.

ಚರ್ಚಿನ ಪುಸ್ತಕಗಳಲ್ಲಿ ಜರ್ಮನ್ ರೂಢಿ ಗೊತ್ತಿರಬೇಕು. ಒಂದೇ ಮನೆಯ ಮೂವರು ಗಂಡುಮಕ್ಕಳೂ ‘ಯೋಹಾನ್’ ಎಂದೇ ಶುರುವಾಗುತ್ತಾರೆ, ಕರೆಯುವ ಹೆಸರು ಎರಡನೆಯದು. ಹೆಂಗಸರ ಮನೆತನದ ಹೆಸರಿಗೆ ‘ಇನ್’ ಸೇರುತ್ತದೆ, ಬೆಕ್ ಮನೆಯವಳು ಬೆಕಿನ್. ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರನ್ನು ಬಿಡದೆ ಬರೆದುಕೊಳ್ಳಿ, ಅವರಲ್ಲಿ ಸೋದರಮಾವ, ಚಿಕ್ಕಮ್ಮ ಸಿಗುತ್ತಾರೆ. 1752ಕ್ಕೆ ಮುಂಚೆ ಇಂಗ್ಲಿಷ್ ದಾಖಲೆಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. ಹಾಗಾಗಿ ಫೆಬ್ರವರಿ 1740 ಎಂದಿದ್ದರೆ ಈಗಿನ ಲೆಕ್ಕಕ್ಕೆ ಅದು 1741. ಮೊರೇವಿಯನ್ ಪಂಗಡದವನಾದರೆ ನಿಮ್ಮ ಅದೃಷ್ಟ. ಆ ಪಂಗಡದವರು ತಮ್ಮ ಜೀವನ ವೃತ್ತಾಂತ ಬರೆದಿಡುತ್ತಿದ್ದರು, ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಪಟ್ಟಣದ ಸಂಗ್ರಹಾಲಯದಲ್ಲಿ ಅಂಥವು ಉಳಿದಿವೆ.

ಐತಿಹ್ಯಗಳ ಬಗ್ಗೆ ಎಚ್ಚರ. ಮಾರ್ಟಿನ್ ಮೈಲಿನ್ 1719ರ ಸುಮಾರಿಗೆ ಲ್ಯಾಂಕಾಸ್ಟರ್ ಸೀಮೆಯಲ್ಲಿ ರೈಫಲ್ ಮಾಡುತ್ತಿದ್ದನೆಂದು ತಲೆಮಾರುಗಳ ಕಾಲ ಹೇಳಿಕೊಂಡು ಬಂದರು. ಅವನದೆನ್ನುವ ಕುಲುಮೆಯನ್ನು ಮಿಲ್ಲರ್ಸ್‌ವಿಲ್ ವಿಶ್ವವಿದ್ಯಾಲಯದವರು 2005ರಲ್ಲಿ ಅಗೆದಾಗ ಕಮ್ಮಾರಿಕೆಯ ಕುರುಹು ಸಿಕ್ಕವು, ಕೋವಿ ಮಾಡಿದ ಕುರುಹು ಸಿಗಲಿಲ್ಲ.

ಹೆಂಡತಿಯ ಹೆಸರು ಹೆಚ್ಚಾಗಿ ಸಿಗುವುದು ಕ್ರಯಪತ್ರದಲ್ಲಿ. ಗಂಡ ಜಮೀನು ಮಾರುವಾಗ ಅವಳ ಹಕ್ಕು ಬಿಡಿಸಿಕೊಳ್ಳಲು ಅವಳ ಒಪ್ಪಿಗೆಯನ್ನೂ ಪಡೆಯುತ್ತಿದ್ದರು. 1772ರ ಪತ್ರದಲ್ಲಿ ಬಾರ್ಬರಾ, 1779ರ ಪತ್ರದಲ್ಲಿ ಮಗ್ದಲೇನಾ ಎಂದಿದ್ದರೆ ಅವನು ಎರಡನೇ ಮದುವೆಯಾದ, ಇಲ್ಲವೇ ಇವರು ಇಬ್ಬರು ಬೇರೆ ಗಂಡಸರು. ಆಗ ರುಜು ಹೋಲಿಸಬೇಕು. ಕ್ರಯಪತ್ರದ ಪುಸ್ತಕದಲ್ಲಿರುವುದು ಗುಮಾಸ್ತ ಮಾಡಿಕೊಂಡ ನಕಲು, ಅಲ್ಲಿನ ರುಜುವೂ ಗುಮಾಸ್ತನ ಕೈಬರಹ. ಉಯಿಲಿನ ಪುಸ್ತಕಕ್ಕೂ ಇದೇ ಮಾತು. ಕಚೇರಿಯಲ್ಲಿ ಪುಸ್ತಕದ ಪುಟ ಕೇಳದೆ, ಮಡಿಸಿಟ್ಟ ಮೂಲ ಕಾಗದಗಳ ಕಡತವನ್ನೇ ಹೆಸರಿಟ್ಟು ಕೇಳಿ. ಒಬ್ಬ ಜರ್ಮನ್ ಲಿಪಿಯಲ್ಲಿ ಪೂರ್ತಿ ಹೆಸರು ಬರೆದು, ಇನ್ನೊಬ್ಬ ಬರೀ ಗುರುತು ಹಾಕಿದ್ದರೆ ಅವರು ಒಬ್ಬನೇ ಎನ್ನುವ ಮುಂಚೆ ನಿಲ್ಲಿ. ಮುಪ್ಪಿನಲ್ಲೋ ಕಾಯಿಲೆಯಲ್ಲೋ ಕೈ ಓಡದೆ ಗುರುತು ಹಾಕಿದವರೂ ಇದ್ದಾರೆ, ಆದ್ದರಿಂದ ಎರಡೂ ಕಾಗದಗಳ ತಾರೀಖು ಹತ್ತಿರದ್ದೇ ಎಂದು ನೋಡಿಕೊಳ್ಳಿ.