ಮರೆಯುವ ಹೊತ್ತಿಗೆ ಬರುವ ಪ್ರಶ್ನೆ

ತರಗತಿಯ ಪಾಠವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದರೆ ಬೋಧನೆ ಮನೆಯವರೆಗೂ ತಲುಪಿತೆಂಬ ನಂಬಿಕೆ ನಮ್ಮ ಶಾಲಾ ಕಾಲೇಜುಗಳಲ್ಲಿ ಗಟ್ಟಿಯಾಗಿ ಕುಳಿತಿದೆ. ವಿಡಿಯೊವನ್ನು ಎರಡನೆಯ ಸಲ ನೋಡುವ ವಿದ್ಯಾರ್ಥಿಗೆ ಎಲ್ಲವೂ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ಆತ ತಿಳಿವಳಿಕೆಯೆಂದು ಭಾವಿಸುತ್ತಾನೆ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಬಾರಿ ಓದಿದರು. ಇನ್ನೊಂದನ್ನು ಒಮ್ಮೆ ಮಾತ್ರ ಓದಿ, ನೆನಪಿದ್ದುದನ್ನು ನೋಡದೆ ಬರೆದರು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಎರಡು ಬಾರಿ ಓದಿದ ಭಾಗವೇ ಮುಂದಿತ್ತು: ಶೇ 81ಕ್ಕೆ ಎದುರಾಗಿ ಶೇ 75. ಒಂದು ವಾರ ಕಳೆದು ಪರೀಕ್ಷಿಸಿದವರಲ್ಲಿ ಲೆಕ್ಕ ತಲೆಕೆಳಗಾಯಿತು. ಓದಿದ್ದು ಶೇ 42ರಷ್ಟು, ಬರೆದದ್ದು ಶೇ 56ರಷ್ಟು ಉಳಿದಿತ್ತು. ಸೇದದೆ ಬಿಟ್ಟ ಬಾವಿಯ ಸೆಲೆಗೆ ಹೂಳು ತುಂಬುವಂತೆ, ಹೊರತೆಗೆಯದೆ ಬಿಟ್ಟ ನೆನಪಿನ ದಾರಿಯೂ ಮುಚ್ಚಿಹೋಗುತ್ತದೆ. ಕಷ್ಟಪಟ್ಟು ನೆನಪಿಸಿಕೊಳ್ಳುವ ಆ ಶ್ರಮವೇ ಕಲಿಕೆ.

ಯಾವಾಗ ಕೇಳಬೇಕೆಂಬುದೂ ಮುಖ್ಯ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ ಮರೆವನ್ನು ಅಳೆದ ಜರ್ಮನಿಯ ಎಬ್ಬಿಂಗ್‌ಹೌಸ್, ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿ ಸಾಗಿ ಆಮೇಲೆ ನಿಧಾನಗೊಳ್ಳುವುದನ್ನು 1885ರಲ್ಲೇ ತೋರಿಸಿದ್ದರು. ಹಾಗಾಗಿ ಪಾಠವಾದ ಮರುದಿನ ಒಮ್ಮೆ, ವಾರದ ನಂತರ ಮತ್ತೊಮ್ಮೆ ಕೇಳಿದ ಪ್ರಶ್ನೆಗೆ ಬೆಲೆ ಹೆಚ್ಚು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೂ ಹೀಗೆ ಕೇಳಲು ಶಿಕ್ಷಕರಿಗೆ ಸಮಯವೆಲ್ಲಿದೆ? ಅಂತರ್ಜಾಲ ನೆರವಾಗಬೇಕಾದುದು ಇಲ್ಲಿ.

1975-76ರಲ್ಲಿ ಭಾರತ ನಡೆಸಿದ ಸೈಟ್ ಎಂಬ ಉಪಗ್ರಹ ಟಿವಿ ಬೋಧನೆಯ ಪ್ರಯೋಗ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠಗಳನ್ನು ಮುಟ್ಟಿಸಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಅದೊಂದು ಮಹತ್ತರ ಸಾಹಸವೇ ಸರಿ, ಆದರೆ ಮಗುವಿನ ಉತ್ತರ ಕೇಳಿಸಿಕೊಳ್ಳುವ ಕಿವಿ ಆ ಟಿವಿಗಿರಲಿಲ್ಲ. ಇಂದು ಗೂಗಲ್ ಫಾರ್ಮ್‌ನಂತಹ ಸರಳ ಸಾಧನಕ್ಕೂ ಆ ಕಿವಿಯಿದೆ. ಭಾರವಾದ ಕಲ್ಲೇ ಬೇಗ ಬೀಳುತ್ತದೆಂದು ಅರ್ಧ ತರಗತಿ ಉತ್ತರಿಸಿರುವುದು ರಾತ್ರಿಯೇ ತಿಳಿದರೆ, ಮರುದಿನದ ಪಾಠವನ್ನು ಎರಡು ಕಲ್ಲುಗಳನ್ನು ಒಟ್ಟಿಗೆ ಬೀಳಿಸಿಯೇ ಆರಂಭಿಸಬಹುದು.

ಪ್ರಶ್ನೆಗಳು ಮೂರು ನಾಲ್ಕು ಸಾಕು. ಆಯ್ಕೆಗಳನ್ನು ಕೊಡದೆ ಸ್ವಂತ ವಾಕ್ಯದಲ್ಲಿ ಬರೆಸುವುದು ಒಳ್ಳೆಯದು, ಬರೆದ ಮೇಲೆ ಸರಿಯುತ್ತರವನ್ನು ತೋರಿಸಲೇಬೇಕು. ಮನೆಯ ಒಂದೇ ಫೋನು ಅಪ್ಪನೊಂದಿಗೆ ಕೆಲಸಕ್ಕೆ ಹೋಗುವ ಕುಟುಂಬಗಳು ಬಹಳವಿರುವುದರಿಂದ ಉತ್ತರಿಸಲು ಎರಡು ಮೂರು ದಿನಗಳ ಅವಕಾಶವನ್ನೂ ಕೊಡಬೇಕು. ಪ್ರಶ್ನೆ ಒಂದೆರಡು ದಿನ ತಡವಾಗಿ ಕೈಸೇರಿದರೂ ಅದರ ಗುಣ ಕೆಡುವುದಿಲ್ಲ.