ಹೊಸ ತಾಲ್ಲೂಕು ಬಂತು, ಹಳೆಯ ಕಡತ ಎಲ್ಲಿದೆ?

ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಾದಾಗ ಅದರ ಹಳ್ಳಿಗಳು ಲಿಂಗಸುಗೂರು, ಸಿಂಧನೂರು, ಮಾನ್ವಿ ಮೂರೂ ಕಡೆಯಿಂದ ಬಂದು ಸೇರಿದವು. ದಕ್ಷಿಣ ಕನ್ನಡದ ಹೊಸ ತಾಲ್ಲೂಕು ಕಡಬಕ್ಕೆ ಬಂದ ಬಹುಪಾಲು ಹಳ್ಳಿಗಳು ಪುತ್ತೂರಿನವು; ಸುಬ್ರಹ್ಮಣ್ಯದಂಥವು ಸುಳ್ಯದವು. ಗಡಿಯನ್ನು ಅಧಿಸೂಚನೆಯಲ್ಲಿ ಬರೆದು ಮುಗಿಸಬಹುದು. ಎರಡು ಮೂರು ಕಚೇರಿಗಳ ರೆಕಾರ್ಡ್ ರೂಮಿನಿಂದ ಹಳ್ಳಿವಾರು ಕಡತ ಬೇರ್ಪಡಿಸಿ, ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ತರುವುದು ಹಾಗಲ್ಲ. ಹೊಸ ಕಚೇರಿ ಎಡವುವುದು ಬಹುತೇಕ ಇಲ್ಲಿಯೇ.

ಚಿಕ್ಕ ತಾಲ್ಲೂಕುಗಳ ಬೇಡಿಕೆ ಹಳೆಯದು. 1970ರ ದಶಕದ ವಾಸುದೇವರಾವ್ ಆಯೋಗ, ಆಮೇಲೆ ಹುಂಡೇಕಾರ್ ಮತ್ತು ಗದ್ದಿಗೌಡರ್ ಸಮಿತಿಗಳು, ಕೊನೆಗೆ ಎಂ.ಬಿ. ಪ್ರಕಾಶ್ ಸಮಿತಿ, ಎಲ್ಲವೂ ವರದಿ ಕೊಟ್ಟವು. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ದಾವಣಗೆರೆ, ಚಾಮರಾಜನಗರ ಎಂಬ 7 ಜಿಲ್ಲೆಗಳಾದವು. ತಾಲ್ಲೂಕುಗಳು ಬಹುಮಟ್ಟಿಗೆ ಇದ್ದಂತೆಯೇ ಉಳಿದವು. 2013ರ ಬಜೆಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 43 ಹೊಸ ತಾಲ್ಲೂಕು ಘೋಷಿಸಿದರು. 2017ರಲ್ಲಿ ಸಿದ್ದರಾಮಯ್ಯ 49 ಎಂದರು. ಕಚೇರಿಗಳು ಕೆಲಸ ಶುರುಮಾಡಿದ್ದು 2018ರಲ್ಲಿ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ಹೋಬಳಿಯ ನಾಡಕಚೇರಿ ಸಾಕು. ತಾಲ್ಲೂಕು ಕಚೇರಿ ಬೇಕಾಗುವುದು ತಕರಾರಿನ ಮ್ಯುಟೇಷನ್ (ಜಮೀನಿನ ಹಕ್ಕು ಬದಲಾವಣೆ) ವಿಚಾರಣೆಗೆ, ಪೋಡಿಗೆ (ಜಮೀನು ಅಳೆದು ಪಾಲು ಬೇರ್ಪಡಿಸುವುದಕ್ಕೆ), ಹಳೆಯ ದಾಖಲೆಯ ನಕಲಿಗೆ. ಒಂದೇ ಭೇಟಿಗೆ ಮುಗಿಯದ ಕೆಲಸಗಳಿವು. ಪ್ರತಿ ಸಲವೂ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ಕಚೇರಿ ಹತ್ತಿರವಿರಬೇಕೆಂಬ ಕೂಗಿನ ಹಿಂದೆ ಇರುವುದು ಊರಿನ ಪ್ರತಿಷ್ಠೆಗಿಂತ ಹೆಚ್ಚಾಗಿ ಈ ಲೆಕ್ಕ.

ಕಂಪ್ಯೂಟರಿನಲ್ಲಿರುವ ಪಹಣಿ ಅಷ್ಟು ತೊಡಕಿನದಲ್ಲ. ‘ಭೂಮಿ’ ತಂತ್ರಾಂಶದಲ್ಲಿ ಹಳ್ಳಿಯನ್ನು ಹೊಸ ತಾಲ್ಲೂಕಿಗೆ ಜೋಡಿಸಿದರೆ ಪಹಣಿಯ ತಲೆಬರಹ ಬದಲಾಗುತ್ತದೆ, ಸರ್ವೆ ನಂಬರ್ ಅದೇ ಇರುತ್ತದೆ. ಆದರೆ 2002ರ ಹೊತ್ತಿಗೆ ಬಳಕೆಯಿಂದ ಹೋದ ಕೈಬರಹದ ಪಹಣಿ, ಹಳೆಯ ಮ್ಯುಟೇಷನ್ ವಹಿ, ಮಂಜೂರಾತಿ ಕಡತ, ಸರ್ವೆಯ ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಆಕಾರಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಇವೆಲ್ಲ ಮೂಲತಃ ಕಾಗದ. ಟಿಪ್ಪಣಿ ಸಿಗದಿದ್ದರೆ ಭೂಮಾಪಕ ಅಳತೆಗೆ ಆಧಾರವಿಲ್ಲದೆ ನಿಲ್ಲುತ್ತಾನೆ, ಪೋಡಿಯೂ ನಿಲ್ಲುತ್ತದೆ. ಒಂದೇ ವಹಿಯಲ್ಲಿ ಹಳೆ ತಾಲ್ಲೂಕಿನಲ್ಲೇ ಉಳಿದ ಹಳ್ಳಿಯೂ ಹೊಸದಕ್ಕೆ ಹೋದ ಹಳ್ಳಿಯೂ ಇದ್ದರೆ ಅದನ್ನು ಹರಿದು ಹಂಚಲಾಗದು. ದೃಢೀಕೃತ ನಕಲು ಮಾಡಿಸಬೇಕು. ಅದಕ್ಕೆ ಬೇಕಾದ ಸಿಬ್ಬಂದಿಯನ್ನು ಮೊದಲೇ ಕೊಡದೆ ಕಚೇರಿ ತೆರೆದರೆ ಅರ್ಜಿ ಇಲ್ಲಿ, ಕಡತ ಅಲ್ಲಿ. ಸರ್ವೆ ವಿಭಾಗ, ಉಪನೋಂದಣಿ ಕಚೇರಿ, ಉಪಖಜಾನೆ ಜೊತೆಗೇ ಬರದಿದ್ದರೆ ಜನ ಮೊದಲು ಒಂದೂರಿಗೆ ಹೋಗುತ್ತಿದ್ದವರು ಈಗ ಎರಡೂರಿಗೆ ಅಲೆಯುತ್ತಾರೆ. ಇದು ಅನ್ಯಾಯ. ಉದ್ಘಾಟನೆಯ ದಿನಾಂಕಕ್ಕಿಂತ ಮೊದಲು ಕಡತಗಳ ಹಸ್ತಾಂತರ ಪಟ್ಟಿ ಸಿದ್ಧವಾಗಬೇಕು.

ಹೊಸ ತಾಲ್ಲೂಕಿನವರು ಹಳೆಯ ದಾಖಲೆ ಕೇಳುವಾಗ ಅರ್ಜಿಯಲ್ಲಿ ಗ್ರಾಮ, ಸರ್ವೆ ಮತ್ತು ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ನಂಬರ್, ಬೇಕಾದ ವರ್ಷಗಳ ಜೊತೆಗೆ ಆಗಿನ ತಾಲ್ಲೂಕು, ಹೋಬಳಿಯ ಹೆಸರನ್ನೂ ಬರೆಯಬೇಕು. ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಅದನ್ನು ಬರಹದಲ್ಲೇ ಪಡೆದು, ಅದರ ಪ್ರತಿಯೊಂದಿಗೆ ಹಳೆ ತಾಲ್ಲೂಕಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು.