ತುಟ್ಟಿ ರೌಟರ್‌ನ ದುಡ್ಡು ಎಲ್ಲಿಗೆ ಹೋಗುತ್ತದೆ? ವೈರ್‌ಲೆಸ್ ಪಾಠದ ಟಿಪ್ಪಣಿ

ನಮ್ಮ ಮನೆ ಬಾಗಲಕೋಟೆಯ ಹಳೇ ಊರಿನಲ್ಲಿದೆ. ಕಲ್ಲು-ಮಣ್ಣಿನ ಗೋಡೆ, ಎರಡಡಿ ದಪ್ಪ. ಪಡಸಾಲೆಯಲ್ಲಿ ರೌಟರ್, ಅದಕ್ಕೂ ನಾನು ಓದುವ ಹಿಂದಿನ ಕೋಣೆಗೂ ನಡುವೆ ಅಂಥ ಎರಡು ಗೋಡೆ. ಪಾಠದ ವಿಡಿಯೋ ನಿಂತು ನಿಂತು ಬರುತ್ತಿತ್ತು. ನನ್ನ ಪರದಾಟ ನೋಡಲಾರದೆ ಕಾಕಾ ಆರು ಆಂಟೆನಾದ ತುಟ್ಟಿ ರೌಟರ್ ತಂದರು.

ಮೊಬೈಲ್‌ನಲ್ಲಿ ವೈ-ಫೈ ಅನಲೈಸರ್ (ಸಿಗ್ನಲ್ ಅಳೆಯುವ ಆ್ಯಪ್) ಹಾಕಿಕೊಂಡು ಅಳೆದೆ. ಅದು ಸಿಗ್ನಲ್ ಶಕ್ತಿಯನ್ನು ಡಿಬಿಎಂನಲ್ಲಿ ತೋರಿಸುತ್ತದೆ; ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. ಪಡಸಾಲೆಯಲ್ಲಿ ಮೈನಸ್ 40 ಡಿಬಿಎಂ, ನಡುಮನೆಯಲ್ಲಿ ಮೈನಸ್ 62, ನನ್ನ ಕೋಣೆಯಲ್ಲಿ ಮೈನಸ್ 83. ಹಳೇ ರೌಟರ್ ಇದ್ದಾಗ ಅದೇ ಜಾಗದಲ್ಲಿ ಮೈನಸ್ 85 ಇತ್ತು. ಇಷ್ಟೇ ವ್ಯತ್ಯಾಸ!

ಇಲ್ಲಿ ಡಿಬಿಎಂ ಲೆಕ್ಕ ಚೆನ್ನಾಗಿ ತಿಳಿದುಕೊಳ್ಳಿ. 10 ಕಡಿಮೆಯಾದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಮೈನಸ್ 40ರಿಂದ ಮೈನಸ್ 83ಕ್ಕೆ ಇಳಿಯಿತು ಅಂದರೆ ಪಡಸಾಲೆಯಲ್ಲಿ ಸಿಗುವ ಶಕ್ತಿಯ ಸುಮಾರು 20,000ದಲ್ಲಿ ಒಂದು ಪಾಲು ಮಾತ್ರ ನನ್ನ ಕೋಣೆಗೆ ಬರುತ್ತಿದೆ.

ದುಡ್ಡು ಜಾಸ್ತಿ ಕೊಟ್ಟರೂ ಇದು ಯಾಕೆ ಸುಧಾರಿಸಲಿಲ್ಲ? ರೌಟರ್ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಅನ್ನುವುದಕ್ಕೆ ಕಾನೂನಿನ ಮಿತಿ ಇದೆ. ಅದು ಎಲ್ಲ ಬೆಲೆಯ ರೌಟರ್‌ಗೂ ಒಂದೇ. ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ. ಫೋನ್ ಕೂಡ ಉತ್ತರ ಕಳಿಸಬೇಕಲ್ವಾ? ಅದರ ಶಕ್ತಿ ಕಡಿಮೆ, ಆಂಟೆನಾ ಸಾಮಾನ್ಯವಾಗಿ ಎರಡೇ. ಆ ಉತ್ತರವೂ ಅದೇ ಗೋಡೆ ದಾಟಬೇಕು. ಇಂಥ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್‌ನಲ್ಲಿ (ರೇಡಿಯೋ ಅಲೆಗಳ ಪಟ್ಟಿ) ಪ್ರಸಾರ ಮಾಡುತ್ತದೆ; 5ರ ಸಿಗ್ನಲ್ ಅಂತೂ 2.4ಕ್ಕಿಂತ ಬೇಗ ಗೋಡೆಯಲ್ಲಿ ಸೊರಗುತ್ತದೆ.

ಡಬ್ಬಿಯ ಮೇಲಿನ ಸಂಖ್ಯೆ ನೋಡಿ ಮರುಳಾಗಬೇಡಿ. ಎಸಿ 1200 ಅಂದರೆ 2.4ರ 300, 5ರ 867 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನುವ ವೇಗ) ಕೂಡಿಸಿ ದುಂಡು ಮಾಡಿದ ಲೆಕ್ಕ. ಫೋನ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಬ್ಯಾಂಡ್ ಹಿಡಿಯುತ್ತದೆ. ಸಂಖ್ಯೆಗಿಂತ ಪೋರ್ಟ್ (ಕೇಬಲ್ ಹಾಕುವ ಕಿಂಡಿ) ನೋಡುವುದು ಮುಖ್ಯ: ಅಗ್ಗದ ಕೆಲವು ರೌಟರ್‌ಗಳ ಪೋರ್ಟ್ 100 ಎಂಬಿಪಿಎಸ್‌ನದ್ದು. ನಿಮ್ಮ ಪ್ಲಾನ್ ಅದಕ್ಕಿಂತ ಜಾಸ್ತಿ ಇದ್ದರೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್‌ನದ್ದೇ ಬೇಕು.

ಹಾಗಂತ ತುಟ್ಟಿ ಸಾಮಾನು ಎಲ್ಲ ಕಡೆ ದಂಡ ಅಲ್ಲ. ವಿಜಯಪುರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಲವತ್ತು ಹುಡುಗರು ಒಟ್ಟಿಗೆ ಟೆಸ್ಟ್ ಬರೆಯುತ್ತಾರೆ ಅಂದುಕೊಳ್ಳಿ. ಅಲ್ಲಿ ಗೋಡೆಯದ್ದಲ್ಲ, ಸರದಿಯದ್ದು ತೊಂದರೆ: ಒಬ್ಬರದ್ದು ಮುಗಿಯುವವರೆಗೆ ಇನ್ನೊಬ್ಬರ ಫೋನ್ ಕಾಯಬೇಕು. ವೈ-ಫೈ 6ರ (ವೈ-ಫೈನ ಆರನೇ ಪೀಳಿಗೆ) ಒಎಫ್‌ಡಿಎಂಎ ಅನ್ನುವ ತಂತ್ರ ಒಂದು ಚಾನೆಲ್ಲನ್ನು (ಬ್ಯಾಂಡಿನ ಒಂದು ಭಾಗ) ಸಣ್ಣ ಪಾಲು ಮಾಡಿ ಹಲವರಿಗೆ ಒಮ್ಮೆಲೇ ಹಂಚುತ್ತದೆ. ಆದರೆ ಫೋನ್‌ಗಳೂ ವೈ-ಫೈ 6 ಇರಬೇಕು. ಅಂಥ ಕಡೆ ದುಡ್ಡು ಹಾಕಿದ್ದು ಸಾರ್ಥಕ.

ನಮ್ಮ ಮನೆಯಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಹದಿನೈದು ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು, ಮೂಲೆ ಸೇರಿದ್ದ ಹಳೇ ರೌಟರನ್ನೇ ನನ್ನ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದ ನೆಟ್ಟನ್ನು ವೈ-ಫೈ ಆಗಿ ಹರಡುವ ಸಾಧನ) ಮಾಡಿದೆ. ನೀವು ಮಾಡುವುದಾದರೆ ಮೊದಲು ಅದರ ಐಪಿ (ನೆಟ್‌ವರ್ಕ್ ವಿಳಾಸ) ಮುಖ್ಯ ರೌಟರಿನದ್ದಕ್ಕಿಂತ ಬೇರೆಯಾಗುವಂತೆ ಬದಲಿಸಿ, ಡಿಎಚ್‌ಸಿಪಿ (ಫೋನ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಆಮೇಲೆ ಕೇಬಲ್ಲನ್ನು ವ್ಯಾನ್‌ಗಲ್ಲ (ಹೊರಗಿನ ಇಂಟರ್‌ನೆಟ್ ಬರುವ ಪೋರ್ಟ್), ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿಗೆ ಹಾಕಿ. 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11 ಕೊಟ್ಟರೆ ಒಂದರ ಮೇಲೊಂದು ಬೀಳುವುದಿಲ್ಲ. ಈಗ ನನ್ನ ಮೇಜಿನ ಹತ್ತಿರ ಮೈನಸ್ 45.

ನೀವೂ ಖರೀದಿಗೆ ಮೊದಲು ಅಳೆಯಿರಿ. ಒಂದೇ ಫೋನ್, ಒಂದೇ ಎತ್ತರ. ಬಾಗಿಲು ತೆರೆದು ಒಮ್ಮೆ, ಮುಚ್ಚಿ ಒಮ್ಮೆ.